ಕೋವಿಯ ಗಂಟಲು ಕಟ್ಟಿದಾಗ

1863ರ ಜುಲೈ ತಿಂಗಳ ಮೊದಲ ಮೂರು ದಿನ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಎಂಬ ಸಣ್ಣ ಊರಿನ ಸುತ್ತ ಉತ್ತರ ಹಾಗೂ ದಕ್ಷಿಣದ ಸೇನೆಗಳು ಕಾದಾಡಿದವು. ಅಂತರ್ಯುದ್ಧದ ದಿಕ್ಕನ್ನೇ ಬದಲಿಸಿದ ಕದನ ಅದು. ಎಲ್ಲ ಮುಗಿದ ಮೇಲೆ ಹೊಲ ಗದ್ದೆಗಳಲ್ಲಿ ಬಿದ್ದಿದ್ದ ಬಂದೂಕುಗಳನ್ನು ಆಯ್ದು ವಾಷಿಂಗ್ಟನ್ನಿನ ಶಸ್ತ್ರಾಗಾರಕ್ಕೆ ಸಾಗಿಸಲಾಯಿತು. ಆಗಿನ ಲೆಕ್ಕದ ಪ್ರಕಾರ ಅವು 27,574. ಅವುಗಳ ಪೈಕಿ ಸುಮಾರು 24,000 ಬಂದೂಕುಗಳಲ್ಲಿ ಮದ್ದುಗುಂಡು ಹಾಗೆಯೇ ಇತ್ತು. ಅಚ್ಚರಿ ಅದಲ್ಲ. ತುಂಬಿದ್ದವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡುಗಳಿದ್ದವು, ಕಾಲು ಭಾಗದಷ್ಟರಲ್ಲಿ ಮೂರರಿಂದ ಹತ್ತು. ಒಂದು ಬಂದೂಕಿನಲ್ಲಂತೂ ಒಂದರ ಮೇಲೊಂದು 23 ಈಡುಗಳನ್ನು ಜಡಿಯಲಾಗಿತ್ತು!

ಇದು ಹೇಗಾಯಿತು? ಆಗಿನ ಬಂದೂಕಿಗೆ ಮದ್ದು ತುಂಬುತ್ತಿದ್ದುದು ಮೂತಿಯ ಕಡೆಯಿಂದ. ಮದ್ದಿನ ಪುಡಿ ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಹಿಂಭಾಗದ ಸಣ್ಣ ತೊಟ್ಟಿಗೆ ಕೇಪು ಸಿಕ್ಕಿಸಿ ಕುದುರೆ ಎಳೆಯಬೇಕು. ಕೇಪು ಹಾಕಲು ಮರೆತರೆ ಅಥವಾ ಕೇಪು ಸಿಡಿದರೂ ಮದ್ದು ಹೊತ್ತಿಕೊಳ್ಳದಿದ್ದರೆ ಈಡು ಒಳಗೇ ಉಳಿಯುತ್ತದೆ. ಸಾವಿರಾರು ಬಂದೂಕುಗಳ ಅಬ್ಬರದ ನಡುವೆ ತನ್ನದು ಹಾರಿತೋ ಇಲ್ಲವೋ ಎಂಬುದು ಸಿಪಾಯಿಗೆ ಗೊತ್ತಾಗುತ್ತಿರಲಿಲ್ಲ. ಆತ ಕಲಿತ ಪಾಠದಂತೆ ಇನ್ನೊಂದು ಈಡು ಜಡಿಯುತ್ತಿದ್ದ. ಮನುಷ್ಯರನ್ನು ಕೊಲ್ಲಲು ಮನಸ್ಸಾಗದೆ ಹಲವರು ತುಂಬುವ ನಟನೆಯನ್ನಷ್ಟೇ ಮಾಡಿದರು ಎಂದು ವಾದಿಸುವವರೂ ಇದ್ದಾರೆ. ಕಾರಣ ಏನೇ ಇರಲಿ, ಎರಡನೆಯ ಈಡು ಒಳಕ್ಕಿಳಿದ ಗಳಿಗೆಯಿಂದ ಆ ಬಂದೂಕಿನ ಅಪಾಯ ಎದುರಾಳಿಗಿಂತ ಅದನ್ನು ಹಿಡಿದವನಿಗೇ ಹೆಚ್ಚಾಗಿತ್ತು.

ಗೆಟಿಸ್‌ಬರ್ಗಿನವು ಸಿಪಾಯಿಗಳ ಬಂದೂಕುಗಳು. ಆದರೆ ಹಕ್ಕಿ ಹೊಡೆಯುವ, ಬೆಳೆ ಕಾಯುವ ಚರೆ ಕೋವಿಯೂ ಮೂಲತಃ ಅದೇ ಕೊಳವೆ. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ದಾರಿ. ದಾರಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂಬ ಪ್ರಶ್ನೆ ಕೋವಿಯಷ್ಟೇ ಹಳೆಯದು. ಅದಕ್ಕೆ ಸಿಕ್ಕ ಉತ್ತರ ಮುನ್ನೂರು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ. ತೆರೆದು ನೋಡು, ಕೋಲಿನಿಂದ ತಳ್ಳು. ಇನ್ನೊಂದು ಈಡು ಹಾರಿಸಿ ಹೊರದಬ್ಬಲು ಮಾತ್ರ ಹೋಗಬೇಡ. ಬದಲಾದದ್ದು ತೆರೆದು ನೋಡುವ ಅನುಕೂಲ.

ಮುಚ್ಚಿದ ಕೊಳವೆ

ಮೂತಿಯಿಂದ ತುಂಬುವ ಕೋವಿಯ ನಳಿಗೆಯ ಹಿಂದುಗಡೆ ತಿರುಪು ಹಾಕಿ ಮುಚ್ಚಿರುತ್ತಿತ್ತು. ಬೆಳಕು ಒಳಗೆ ತೂರುವಂತಿಲ್ಲ, ಕಣ್ಣಿಟ್ಟು ನೋಡುವಂತಿಲ್ಲ (ಕಣ್ಣಿಟ್ಟವರೂ ಇದ್ದರು, ಅದು ಬೇರೆ ಕಥೆ). ಒಳಗೆ ಏನಿದೆ ಎಂದು ತಿಳಿಯಲು ಇದ್ದದ್ದು ಗಜವೊಂದೇ. ಬರಿದಾದ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೆ ಒಂದು ಗೀಟು, ಸರಿಯಾಗಿ ತುಂಬಿದಾಗ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇನ್ನೊಂದು ಗೀಟು. ಗಜ ಎರಡನೆಯ ಗೀಟಿಗಿಂತ ಮೇಲೆ ನಿಂತರೆ ಒಳಗೆ ಇರಬಾರದ್ದು ಏನೋ ಇದೆ ಎಂದರ್ಥ. ಸರಳವಾದ ಈ ಲೆಕ್ಕ ಎಷ್ಟು ಕೈಗಳನ್ನು ಉಳಿಸಿರಬಹುದೋ!

ಸಿಕ್ಕಿಕೊಂಡದ್ದನ್ನು ತೆಗೆಯಲು ಗಜದ ತುದಿಗೆ ಸಿಕ್ಕಿಸುವ ಎರಡು ಪುಟ್ಟ ಉಪಕರಣಗಳಿದ್ದವು. ಒಂದು, ಸುರುಳಿ ಸುತ್ತಿದ ಎರಡು ಮುಳ್ಳುಗಳದ್ದು. ಅದರ ಆಕಾರ ನೋಡಿ ಇಂಗ್ಲಿಷರು ಅದನ್ನು ಹುಳು ಎಂದೇ ಕರೆದರು. ಬಟ್ಟೆ, ಕಾಗದ, ನಾರು ಇವುಗಳನ್ನು ಕೊಕ್ಕೆ ಹಾಕಿ ಎಳೆಯಲು ಅದು. ಇನ್ನೊಂದು, ಮರಕ್ಕೆ ಹೊಡೆಯುವ ತಿರುಪಿನಂಥದ್ದು. ಅದನ್ನು ಸೀಸದ ಗುಂಡಿನೊಳಕ್ಕೆ ತಿರುಗಿಸಿ ಗುಂಡನ್ನೇ ಮೇಲಕ್ಕೆ ಎಳೆಯುತ್ತಿದ್ದರು. ಈ ಕೆಲಸಕ್ಕೆ ಮೊದಲು ಕೇಪು ತೆಗೆದು ತೊಟ್ಟಿನ ಕಡೆಯಿಂದ ನೀರು ಹನಿಸಿ ಮದ್ದನ್ನು ಚೆನ್ನಾಗಿ ನೆನೆಸಬೇಕಿತ್ತು. ಒದ್ದೆಯಾದ ಕಪ್ಪು ಮದ್ದು ಹೊತ್ತುವುದಿಲ್ಲ. ನೆನೆಸದೆ ತಿರುಪು ಹಾಕಿದವನ ಮುಖ, ಕೈಗಳು ಆಗ ಮೂತಿಯ ನೇರಕ್ಕೇ ಇರುತ್ತಿದ್ದವು.

ಜೋಡು ನಳಿಗೆಯ ಕೋವಿ ಬಂದ ಮೇಲೆ ಹೊಸ ತಾಪತ್ರಯಗಳು ಹುಟ್ಟಿಕೊಂಡವು. ಬಲ ನಳಿಗೆ ಹಾರಿಸಿ ಮತ್ತೆ ತುಂಬುವಾಗ ಅವಸರದಲ್ಲಿ ಎಡದ ತುಂಬಿದ ನಳಿಗೆಗೇ ಇನ್ನೊಂದು ಈಡು ಸುರಿಯುವುದು ಒಂದು. ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ಬಲ ನಳಿಗೆ ಹಾರಿದಾಗಿನ ಒದೆತಕ್ಕೆ ಎಡ ನಳಿಗೆಯಲ್ಲಿ ಜಡಿದಿದ್ದ ಚರೆ ಮತ್ತು ಮುಚ್ಚಿಗೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜರುಗುತ್ತವೆ. ನಾಲ್ಕಾರು ಸಲ ಹೀಗಾದರೆ ಮದ್ದಿಗೂ ಚರೆಗೂ ನಡುವೆ ಗೇಣುದ್ದ ತೆರಪು ಬೀಳುತ್ತದೆ. ಹೊರಗಿನಿಂದ ಏನೂ ಬರದಿದ್ದರೂ ಕೋವಿ ತನ್ನ ಈಡನ್ನೇ ತನಗೆ ಅಡ್ಡಿ ಮಾಡಿಕೊಂಡಂತೆ! ಅದಕ್ಕಾಗಿಯೇ ಒಂದು ನಳಿಗೆ ತುಂಬುವಾಗಲೆಲ್ಲ ಇನ್ನೊಂದಕ್ಕೂ ಗಜ ಇಳಿಸಿ ಜಡಿಯಬೇಕೆಂಬುದು ಅನುಭವಸ್ಥ ಬೇಟೆಗಾರರ ಕಟ್ಟಳೆಯಾಗಿತ್ತು.

ಈ ಕುರುಡಿಗೆ ಕಣ್ಣು ಬಂದದ್ದು 1830ರ ದಶಕದಲ್ಲಿ. ಪ್ಯಾರಿಸ್ಸಿನ ಕುಶಲಕರ್ಮಿ ಕ್ಯಾಸಿಮಿರ್ ಲೆಫೋಷೊ ನಡುವೆ ಮಡಚಿ ಹಿಂದಿನಿಂದ ತೋಟೆ ಹಾಕುವ ಕೋವಿ ತಯಾರಿಸಿದ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಅದನ್ನು ಕಂಡ ಇಂಗ್ಲೆಂಡಿನ ತಯಾರಕರು ಮೊದಲು ಮೂಗು ಮುರಿದರೂ ಹತ್ತು ಹದಿನೈದು ವರ್ಷಗಳಲ್ಲಿ ತಾವೇ ಆ ದಾರಿ ಹಿಡಿದರು. ಬೇಗ ತುಂಬಬಹುದು ಎಂಬುದಷ್ಟೇ ಇದರ ಗುಣವೆಂದು ಎಲ್ಲರೂ ಹೊಗಳುತ್ತಾರೆ. ಅದಕ್ಕಿಂತ ದೊಡ್ಡ ಗುಣ ಬೇರೆಯೇ ಇತ್ತು. ತೆರೆದರೆ ನಳಿಗೆಯ ಮೂಲಕ ಆಕಾಶ ಕಾಣುತ್ತದೆ. ಕಾಣದಿದ್ದರೆ ಏನೋ ಸಿಕ್ಕಿಕೊಂಡಿದೆ.

ಸಿಡಿಯುವುದು ಏಕೆ?

ಹನ್ನೆರಡು ಬೋರಿನ ಕೋವಿ ಎಂದರೆ ಅದರ ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ಬರುತ್ತವೆ ಎಂದರ್ಥ. ಹಾಗಾಗಿ ಅಂಕಿ ಹೆಚ್ಚಾದಂತೆ ನಳಿಗೆ ಸಣ್ಣದಾಗುತ್ತದೆ. ಹನ್ನೆರಡರ ಒಳವ್ಯಾಸ ಸುಮಾರು 18.5 ಮಿ.ಮೀ., ಇಪ್ಪತ್ತರದು 15.6. ಹನ್ನೆರಡರ ಸಾಮಾನ್ಯ ತೋಟೆ ಸುಮಾರು 30 ಗ್ರಾಂ ಚರೆಯನ್ನು ಸೆಕೆಂಡಿಗೆ 400 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಗೆಸೆಯುತ್ತದೆ. ಆಗ ತೋಟೆ ಕೂರುವ ಕೋಣೆಯಲ್ಲಿ ವಾತಾವರಣದ ಒತ್ತಡದ ಏಳುನೂರು ಪಟ್ಟಿನವರೆಗೆ ಒತ್ತಡ ಏರಬಹುದು. ಆದರೆ ಚರೆ ಮುಂದೆ ಓಡಿದಂತೆ ಹಬೆಗೆ ಜಾಗ ಸಿಕ್ಕಿ ಒತ್ತಡ ಸರ್ರನೆ ಇಳಿಯುತ್ತದೆ. ಅದನ್ನು ನಂಬಿಯೇ ನಳಿಗೆಯನ್ನು ಹಿಂದೆ ದಪ್ಪ, ಮುಂದೆ ತೆಳು ಮಾಡಿರುತ್ತಾರೆ. ಒಳ್ಳೆಯ ಹಗುರ ಕೋವಿಗಳ ಮುಂಭಾಗದ ಉಕ್ಕು ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿರುವುದುಂಟು.

ಆ ತೆಳು ಭಾಗದಲ್ಲಿ ಒಂದು ಹಿಡಿ ಕೆಸರು ಕಟ್ಟಿಕೊಂಡಿದೆ ಎನ್ನಿ. ಓಡಿಬಂದ ಚರೆ ಅಲ್ಲಿ ಒಮ್ಮೆಲೆ ತಡೆಯುತ್ತದೆ. ಹಿಂದಿನ ಹಬೆ ಮೇಲೆ ಬಂದು ಒಟ್ಟುತ್ತದೆ. ವೇಗದಲ್ಲಿದ್ದ ಶಕ್ತಿಯೆಲ್ಲ ಆ ಒಂದು ಜಾಗದಲ್ಲಿ ಒತ್ತಡವಾಗಿ ಬದಲಾಗಿ ಪಕ್ಕಕ್ಕೆ ನುಗ್ಗುತ್ತದೆ. ಅದೃಷ್ಟವಿದ್ದರೆ ನಳಿಗೆ ಅಲ್ಲಿ ಬಳೆ ತೊಡಿಸಿದಂತೆ ಉಬ್ಬುತ್ತದೆ, ಇಲ್ಲದಿದ್ದರೆ ಹೂವಿನ ಎಸಳಿನಂತೆ ಸೀಳುತ್ತದೆ. ಅಡ್ಡಿ ಗಟ್ಟಿಯಾಗಿರಬೇಕೆಂದಿಲ್ಲ. ಮೆತ್ತನೆಯ ಹಿಮ, ಒದ್ದೆ ಮಣ್ಣು, ಒರೆಸಲು ಹಾಕಿ ಮರೆತ ಚಿಂದಿ, ಹಿಂದಿನ ಬಡ ಈಡಿನಿಂದ ಉಳಿದ ಮುಚ್ಚಿಗೆ ಎಲ್ಲವೂ ಅಷ್ಟೇ ಕೆಲಸ ಮಾಡಬಲ್ಲವು. "ಇಷ್ಟು ಬಲದ ಮದ್ದು ಒಂದು ಚಿಂದಿಯನ್ನು ತಳ್ಳದೇ?" ಎಂಬ ಪ್ರಶ್ನೆ ಸಹಜವಾದದ್ದು. ತಳ್ಳುತ್ತದೆ, ನಿಜ. ತಳ್ಳುವ ಮೊದಲಿನ ಆ ಕ್ಷಣಾರ್ಧದಲ್ಲಿಯೇ ಅನಾಹುತ ಆಗಿಹೋಗಿರುತ್ತದೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಸೇರಿಕೊಳ್ಳುತ್ತದೆ. ಕೋವಿಯ ನಳಿಗೆಯನ್ನು ಮಾರುವ ಮೊದಲು ಹೆಚ್ಚಿನ ಮದ್ದು ಹಾಕಿ ಹಾರಿಸಿ, ತಾಳಿಕೊಂಡರೆ ಮುದ್ರೆ ಒತ್ತುವ ಪದ್ಧತಿ ಯುರೋಪಿನಲ್ಲಿ ಹಳೆಯದು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿತು. ಬೆಲ್ಜಿಯಂನ ಲಿಯೇಜ್ ನಗರದ ಪರೀಕ್ಷಾಲಯ 1672ರದು, ಬರ್ಮಿಂಗ್‌ಹ್ಯಾಮಿನದು 1813ರದು. ನಮ್ಮ ಮನೆಗಳಲ್ಲಿರುವ ಹಳೆಯ ವಿಲಾಯತಿ ಕೋವಿಗಳ ನಳಿಗೆಯ ಅಡಿಯಲ್ಲಿ ಕಿರೀಟದ ಗುರುತು ಕಂಡರೆ ಅದು ಇಂಥ ಮುದ್ರೆಯೇ. ಮುದ್ರೆಯಿದೆ, ಆದ್ದರಿಂದ ಏನೂ ಆಗದು ಎಂದು ನಂಬಿದವರು ಕಡಿಮೆಯಿಲ್ಲ. ಆದರೆ ಆ ಪರೀಕ್ಷೆ ನಡೆಯುವುದು ಬರಿದಾದ, ಶುದ್ಧವಾದ ನಳಿಗೆಯಲ್ಲಿ. ಮುದ್ರೆ ಹೇಳುವುದು ಉಕ್ಕಿನ ವಿಚಾರ, ಒಳಗೆ ಸಿಕ್ಕಿಕೊಂಡದ್ದರ ವಿಚಾರವಲ್ಲ.

ಹಳದಿ ತೋಟೆ

ಹಿಂದಿನಿಂದ ತುಂಬುವ ಕೋವಿ ಕೊಟ್ಟ ಕಣ್ಣನ್ನು ಮತ್ತೆ ಕಟ್ಟಿದ್ದು ಅದರದೇ ತೋಟೆ. ಒಂದೇ ಮನೆಯಲ್ಲಿ ಅಪ್ಪನಿಗೆ ಹನ್ನೆರಡು ಬೋರು, ಮಗನಿಗೆ ಇಪ್ಪತ್ತು ಬೋರು ಇರುವುದುಂಟು. ಎರಡೂ ತೋಟೆಗಳು ಒಂದೇ ಜೇಬಿಗೆ ಬೀಳುತ್ತವೆ. ಇಪ್ಪತ್ತರ ತೋಟೆಯನ್ನು ತಪ್ಪಿ ಹನ್ನೆರಡರ ಕೋವಿಗೆ ಹಾಕಿದರೆ ಅದು ಕೋಣೆಯಲ್ಲಿ ನಿಲ್ಲದೆ ಮುಂದಕ್ಕೆ ಜಾರುತ್ತದೆ. ಜಾರಿ ಪೂರ್ತಿ ಹೊರಬಿದ್ದರೆ ಪಾಡಾಗಿತ್ತು. ಅದರ ಹಿಂದಿನ ಹಿತ್ತಾಳೆಯ ಅಂಚು, ಕೋಣೆ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿ ಕಾಣುತ್ತದೆ. ಕುದುರೆ ಎಳೆದರೆ ಬರೀ 'ಟಕ್' ಎನ್ನುತ್ತದೆ. ತೋಟೆ ಹಾಕಲು ಮರೆತೆನೆಂದುಕೊಂಡು ಹನ್ನೆರಡರ ಇನ್ನೊಂದು ತೋಟೆ ಹಾಕುತ್ತಾರೆ. ಅದು ಹಾರಿದಾಗ ಅದರ ಮುಂದೆ ಇರುವುದು ಕೆಸರಲ್ಲ, ಜೀವಂತ ತೋಟೆ. ನಳಿಗೆ ಸಿಡಿಯುವ ಆ ಜಾಗವಾದರೂ ಎಲ್ಲಿ? ಕೋವಿಗೆ ಆಸರೆ ಕೊಡುವ ಮುಂಗೈ ಹಿಡಿದಿರುವ ಜಾಗದಲ್ಲಿಯೇ.

ಇಂಥ ಅಪಘಾತಗಳ ಪಾಠವಾಗಿಯೇ ಕಳೆದ ಶತಮಾನದ ಉತ್ತರಾರ್ಧದಲ್ಲಿ ತಯಾರಕರು ಇಪ್ಪತ್ತು ಬೋರಿನ ತೋಟೆಗಳಿಗೆ ಹಳದಿ ಬಣ್ಣ ಮೀಸಲಿಡತೊಡಗಿದರು. ಹನ್ನೆರಡರ ತೋಟೆ ಕೆಂಪೋ ಹಸಿರೋ ಬೇರೇನೋ ಇರಬಹುದು, ಹಳದಿಯಂತೂ ಇರಬಾರದು. ಶತಮಾನಗಟ್ಟಲೆ ಬುದ್ಧಿವಾದ ಹೇಳಿದ ಪುಸ್ತಕಗಳಿಗಿಂತ ಈ ಹಳದಿ ಬಣ್ಣವೇ ಹೆಚ್ಚು ಕೈಗಳನ್ನು ಉಳಿಸಿರಬೇಕು.

ತೋಟೆ ಸಿಕ್ಕಿಕೊಳ್ಳಲು ಬೋರು ತಪ್ಪಬೇಕೆಂದೂ ಇಲ್ಲ. 1960ರಲ್ಲಿ ಪ್ಲಾಸ್ಟಿಕ್ ತೋಟೆ ಬರುವವರೆಗೆ ಕೋವಿಯ ತೋಟೆಗಳು ರಟ್ಟಿನವು. ಮಳೆಗಾಲದ ತೇವಕ್ಕೆ ರಟ್ಟು ಹಪ್ಪಳದಂತೆ ಉಬ್ಬುತ್ತಿತ್ತು. ಉಬ್ಬಿದ ತೋಟೆಯನ್ನು ಹೆಬ್ಬೆರಳಿನಿಂದ ಒತ್ತಿ ತುರುಕಿದರೆ ಹಾರಿದ ಮೇಲೆ ಹೊರಗೆ ಬರುತ್ತಿರಲಿಲ್ಲ. ಮದ್ದಿಗೂ ತೇವ ತಗಲಿದ್ದರೆ 'ಢಂ' ಎನ್ನಬೇಕಾದ ಕೋವಿ 'ಪುಸ್' ಎನ್ನುತ್ತಿತ್ತು, ಚರೆ ಹೋಗಿ ಮುಚ್ಚಿಗೆ ನಳಿಗೆಯ ನಡುವೆ ಉಳಿಯುತ್ತಿತ್ತು. ಕೋವಿಯ ಸದ್ದು ಎಂದಿನಂತಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಬೇಕೆಂಬ ನಿಯಮ ಬಂದದ್ದು ಈ ಅನುಭವದಿಂದ.

ಕೋಲು ಯಾವ ಕಡೆಯಿಂದ?

ಹಾಗೆ ನಿಲ್ಲಿಸಿದ ಮೇಲೆ ಮಾಡಬೇಕಾದದ್ದೇನು? ಕುದುರೆ ಎಳೆದೂ ಹಾರದ ತೋಟೆ ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುವುದುಂಟು. ಆದ್ದರಿಂದ ಮೂತಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ ಒಂದು ನಿಮಿಷ ಹಾಗೆಯೇ ಹಿಡಿದಿರಬೇಕು. ಆಮೇಲೆ ತೆರೆದು, ಜೋಡು ನಳಿಗೆಯಾದರೆ ಇನ್ನೊಂದರ ತೋಟೆಯನ್ನೂ ತೆಗೆಯಬೇಕು. ಮಡಚುವ ಕೋವಿಯಾದರೆ ಮುಂದಿನ ಮರದ ತುಂಡು ಕಳಚಿ ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸುವುದು ಸುಲಭ. ಬೇರ್ಪಡಿಸಿದ ಮೇಲೆ ಅದು ಕೋವಿಯಲ್ಲ, ಬರೀ ಎರಡೂ ಕಡೆ ತೆರೆದ ಕೊಳವೆ. ಆ ಕೊಳವೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಬೇಕು.

ತಳ್ಳಲು ಬಳಸುವ ಕೋಲು ಮರದ್ದೋ ಹಿತ್ತಾಳೆಯದೋ ಆಗಿರಬೇಕು, ನಳಿಗೆಯ ಅಗಲಕ್ಕೆ ಹತ್ತಿರವಿರಬೇಕು, ತುದಿ ಚಪ್ಪಟೆಯಾಗಿರಬೇಕು. ಕೈಗೆ ಸಿಕ್ಕ ಹಸಿ ಕಡ್ಡಿ ತುರುಕಿದರೆ ಅದು ಮುರಿದು ಎರಡನೆಯ ಅಡ್ಡಿಯಾಗುತ್ತದೆ. ಕಬ್ಬಿಣದ ಸಲಾಕೆ ಒಳಗನ್ನು ಗೀರುತ್ತದೆ. ಕೆಸರು, ಚಿಂದಿ, ಮುಚ್ಚಿಗೆಗಳನ್ನು ಮೂತಿಯಿಂದ ಹಿಂದಕ್ಕೆ ತಳ್ಳುವುದೇ ಸಾಮಾನ್ಯವಾಗಿ ಲೇಸು. ಹಲವು ಕೋವಿಗಳ ಮೂತಿ ಚರೆ ಒಟ್ಟಾಗಿ ಹೋಗಲೆಂದು ಕೊಂಚ ಕಿರಿದಾಗಿರುತ್ತದೆ, ಹಿಂಬದಿ ಅಗಲವಾಗಿರುತ್ತದೆ. ಜಗ್ಗದಿದ್ದರೆ ತುಸು ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟರೆ ಹೆಚ್ಚಿನವು ಸಡಿಲವಾಗುತ್ತವೆ.

ಸಿಕ್ಕಿಕೊಂಡದ್ದು ಹಾರದ ತೋಟೆಯಾದರೆ ವಿಷಯವೇ ಬೇರೆ. ಹಿಂದಿನಿಂದ ಕೋಲು ಹಾಕಿದರೆ ಅದು ತಾಗುವುದು ತೋಟೆಯ ಕೇಪಿಗೇ. ಅಂದರೆ ಸುತ್ತಿಗೆ ಮಾಡುವ ಕೆಲಸವನ್ನು ಕೋಲು ಮಾಡುತ್ತದೆ! ಇದನ್ನು ಮುಂದಿನಿಂದ ಹಿಂದಕ್ಕೆ, ಬಡಿಯದೆ, ಒತ್ತಿಯೇ ಹೊರತರಬೇಕು. ಹಾಗೆ ಒತ್ತುವಾಗ ಕೊಳವೆಯ ಎರಡು ತುದಿಗಳ ನೇರಕ್ಕೂ ಮುಖ ಮೈ ಇರಬಾರದು. ಸುಲಭಕ್ಕೆ ಜಾರದ ತೋಟೆಯನ್ನು ಹಾಗೆಯೇ ಬಿಟ್ಟು ಕೋವಿ ದುರಸ್ತಿಯವರಿಗೆ ತಿಳಿಸುವುದೊಂದೇ ದಾರಿ. ಬಿಸಿ ಮಾಡುವುದು, ಕೊರೆಯುವುದು ಕೂಡದು. ಮದ್ದು ತುಂಬಿ ಕಟ್ಟಿಕೊಂಡ ಕೇಪಿನ ಕೋವಿಗೂ ಇದೇ ಮಾತು. ಹಳಬರು ತಿರುಪು ಹಾಕಿ ತೆಗೆಯುತ್ತಿದ್ದರೆಂದು ಇಂದು ಮನೆಯಲ್ಲಿ ಪ್ರಯೋಗ ಮಾಡುವ ಅಗತ್ಯವಿಲ್ಲ.

ಮಳೆ ಮುಗಿದ ಮೇಲೆ

ಕರ್ನಾಟಕದಲ್ಲಿ ಕೋವಿ ಮನೆಯ ವಸ್ತುವಾಗಿ ಉಳಿದಿರುವುದು ಕೊಡಗಿನಲ್ಲಿ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರೂ, 1861ರಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿದು ಬಂದಿದ್ದು, ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಹೊರತೆಗೆದು, ಶುಚಿಗೊಳಿಸಿ, ಕಾಡಿನ ಗೌರಿ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ಆ ಹೂವಿನ ಹೆಸರೇ ತೋಕ್ ಪೂ, ಅಂದರೆ ಕೋವಿ ಹೂ. ಪೂಜೆಯ ನಂತರವೇ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ.

ಈ ಕ್ರಮವನ್ನು ಧಾರ್ಮಿಕ ಆಚರಣೆಯೆಂದಷ್ಟೇ ಕಾಣುವುದು ವಾಡಿಕೆ. ಹಬ್ಬ ಬೀಳುವ ಕಾಲವನ್ನು ಗಮನಿಸಿದರೆ ಬೇರೊಂದು ವಿವೇಕವೂ ಕಾಣುತ್ತದೆ. ನಾಟಿ ಮುಗಿದಿದೆ, ಮುಂಗಾರಿನ ಅಬ್ಬರ ಇಳಿದಿದೆ, ಎರಡು ಮೂರು ತಿಂಗಳು ಕೋವಿ ಥಂಡಿಯಲ್ಲಿ ಗೋಡೆಗೊರಗಿ ನಿಂತಿದೆ. ಆಗ ನಳಿಗೆಯಲ್ಲಿ ಏನೆಲ್ಲ ಇರಬಹುದು! ತುಕ್ಕಿನ ಹಕ್ಕಳೆ, ಗಟ್ಟಿಯಾದ ಎಣ್ಣೆ, ಜೇಡನ ಮನೆ. ಇವೆಲ್ಲಕ್ಕಿಂತ ಕೆಟ್ಟದ್ದು ಕುಂಬಾರ ಕಣಜದ ಗೂಡು. ಬೆರಳು ಹೋಗುವ ಯಾವ ತೂತು ಕಂಡರೂ ಹಸಿ ಮಣ್ಣು ತಂದು ಮೆತ್ತುವ ಈ ಹುಳುವಿಗೆ ಕೋವಿಯ ಮೂತಿ ಅಚ್ಚುಮೆಚ್ಚು. 1996ರ ಫೆಬ್ರುವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಸಮುದ್ರಕ್ಕೆ ಬಿದ್ದು 189 ಮಂದಿಯನ್ನು ಬಲಿ ತೆಗೆದುಕೊಂಡ ವಿಮಾನದ ವೇಗಮಾಪಕ ಕೊಳವೆ ಕಟ್ಟಿಕೊಂಡಿದ್ದಕ್ಕೂ ಇಂಥದೇ ಕಣಜ ಕಾರಣವಿರಬೇಕೆಂದು ತನಿಖೆಗಾರರು ಶಂಕಿಸಿದ್ದರು.

ಮಲೆನಾಡಿನ ಉಳಿದ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತು, ಹಂದಿ ಮಂಗಗಳನ್ನು ಬೆದರಿಸಲು ವರ್ಷಕ್ಕೆ ನಾಲ್ಕಾರು ಈಡು ಹಾರಿಸಿದರೆ ಹೆಚ್ಚು. ಚುನಾವಣೆ ಬಂದಾಗ ಅವುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದೂ ಉಂಟು. ವಾರಗಟ್ಟಲೆ ಅಲ್ಲಿದ್ದು ಮನೆಗೆ ಮರಳಿದ ಕೋವಿಯನ್ನು ಅದೇ ರಾತ್ರಿ ಹಂದಿ ಬಂತೆಂದು ತುಂಬಿ ಹಾರಿಸುವವರು ಒಮ್ಮೆ ತೆರೆದು ಬೆಳಕಿಗೆ ಹಿಡಿಯುವುದು ಒಳ್ಳೆಯದು. ಕೇಪಿನ ಕೋವಿಯಾದರೆ ಗಜ ಇಳಿಸಿ ಗೀಟು ನೋಡಬೇಕು. ತೆಂಗಿನ ನಾರಿನ ಮುಚ್ಚಿಗೆ ಹಾಕಿ ಹೋದ ವರ್ಷ ತುಂಬಿಟ್ಟು ಮರೆತ ಈಡು ಒಳಗಿರುವುದು ಅಪರೂಪವಲ್ಲ.

ಅಡ್ಡಿ ಹೊರಬಂದ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ, ಮುಖ್ಯವಾಗಿ ಅಡ್ಡಿಯಿದ್ದಾಗಲೇ ಈಡು ಹಾರಿಸಿದ್ದರೆ. ನುರಿತ ಕುಶಲಕರ್ಮಿ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಾನೆ. ಒಳಗಿನ ಹೊಳಪಿನಲ್ಲಿ ಉಂಗುರದಂಥ ಕಪ್ಪು ನೆರಳು ಕಂಡರೆ ಅಲ್ಲಿ ಉಕ್ಕು ಉಬ್ಬಿದೆ. ಹೊರಮೈ ಮೇಲೆ ಬೆರಳು ಎಳೆದರೂ ಅದು ತಿಳಿಯುತ್ತದೆ. ಉಬ್ಬು ಮೂತಿಯ ಹತ್ತಿರವಿದ್ದರೆ ಹಿಂದೆ ಅಷ್ಟು ಭಾಗವನ್ನು ಕತ್ತರಿಸಿಬಿಡುತ್ತಿದ್ದರು. ಕತ್ತರಿಸಿದ ಕೋವಿ ಮೂತಿಯ ಕಿರಿದನ್ನು ಕಳೆದುಕೊಂಡು ಚರೆಯನ್ನು ಅಗಲಕ್ಕೆ ಚೆಲ್ಲುತ್ತಿತ್ತು. ಹಳೆಯ ಜೋಡು ನಳಿಗೆಗಳಲ್ಲಿ ಒಂದೆರಡು ಅಂಗುಲ ಗಿಡ್ಡವಾದವು ಕಣ್ಣಿಗೆ ಬಿದ್ದರೆ ಕಾರಣ ಬಹಳ ಸಲ ಇದೇ. ಉಬ್ಬು ನಡುವೆ, ಕೈ ಹಿಡಿಯುವ ಕಡೆ ಇದ್ದರೆ ಆ ನಳಿಗೆಯನ್ನು ಮತ್ತೆ ಬಳಸದೆ ಬದಿಗಿಡುತ್ತಿದ್ದರು.